ಪ್ರಶ್ನೆ ಯಾರದು? ಮಕೆರೆರೆಯ ಒಂದು ಪಿಎಚ್.ಡಿ. ಕಾರ್ಯಕ್ರಮದ ಪ್ರಕರಣ ಅಧ್ಯಯನ

2012ರ ಜನವರಿಯಲ್ಲಿ ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿರುವ ಮಕೆರೆರೆ ವಿಶ್ವವಿದ್ಯಾಲಯದ ಸಮಾಜ ಸಂಶೋಧನಾ ಸಂಸ್ಥೆಯು ಸಮಾಜ ಅಧ್ಯಯನದಲ್ಲಿ ಐದು ವರ್ಷಗಳ ಒಂದು ಪಿಎಚ್.ಡಿ. ಕಾರ್ಯಕ್ರಮವನ್ನು ಆರಂಭಿಸಿತು. ಅಲ್ಲಿಯವರೆಗೆ ಮಕೆರೆರೆಯಲ್ಲಿ ಪಿಎಚ್.ಡಿ. ಎಂದರೆ ಒಬ್ಬ ವಿದ್ಯಾರ್ಥಿ, ಒಬ್ಬ ಮಾರ್ಗದರ್ಶಕ, ಒಂದು ಮಹಾಪ್ರಬಂಧ, ಇಷ್ಟೇ ಆಗಿತ್ತು. ಬ್ರಿಟಿಷ್ ಮಾದರಿಯನ್ನು ಅನುಸರಿಸಿದ ಎಲ್ಲ ಕಡೆಯೂ ಇದ್ದದ್ದು ಈ ಕ್ರಮವೇ. ಹೊಸ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಯು ಮೊದಲ ಎರಡು ವರ್ಷ ಕ್ಷೇತ್ರಕಾರ್ಯಕ್ಕೆ ಕಾಲಿಡುವಂತಿರಲಿಲ್ಲ. ಅರ್ಥಶಾಸ್ತ್ರ ಓದಿ ಬಂದವನಿರಲಿ, ಸಾಹಿತ್ಯ ಓದಿ ಬಂದವಳಿರಲಿ, ಕಾನೂನು ಪದವೀಧರರಿರಲಿ, ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಇತಿಹಾಸ, ರಾಜಕೀಯ ಚಿಂತನೆ, ರಾಜಕೀಯ ಅರ್ಥಶಾಸ್ತ್ರ, ಸಾಹಿತ್ಯ ಮತ್ತು ಸೌಂದರ್ಯ ಮೀಮಾಂಸೆಗಳ ಮೂಲ ಪಠ್ಯಗಳನ್ನು ಓದಬೇಕಿತ್ತು, ಓದಿದ್ದನ್ನು ಉಳಿದವರ ಎದುರು ಸಮರ್ಥಿಸಿಕೊಳ್ಳಬೇಕಿತ್ತು.

ಆಫ್ರಿಕಾ ಅಧ್ಯಯನದಲ್ಲಿ ಉನ್ನತ ಪದವಿಗಾಗಿ ಬೇರೆ ಬೇರೆ ಜ್ಞಾನಶಿಸ್ತುಗಳಿಂದ ಬರುವ ವಿದ್ಯಾರ್ಥಿಗಳನ್ನು ಒಟ್ಟಿಗೆ ಹಿಡಿದಿಡುವುದು ಯಾವುದು ಎಂಬ ಪ್ರಶ್ನೆಗೆ ಈ ಪ್ರಕರಣ ಕೊಡುವಷ್ಟು ಸ್ಪಷ್ಟ ಉತ್ತರವನ್ನು ಬೇರಾವ ಪ್ರಕರಣವೂ ಕೊಡುವುದಿಲ್ಲವೆಂದು ನನ್ನ ಅಭಿಪ್ರಾಯ. ಭೂಖಂಡದ ಹೆಸರು ಅವರನ್ನು ಒಟ್ಟಿಗೆ ಹಿಡಿದಿಡಲಾರದು. ಅದನ್ನು ಮಾಡುವುದು ಪ್ರಶ್ನೆ. ಆ ಪ್ರಶ್ನೆ ಎಲ್ಲಿ, ಯಾರಿಂದ ರೂಪುಗೊಂಡಿತು ಎಂಬುದು. ಪ್ರಶ್ನೆಯು ಬೇರೆ ಕಡೆ ತಯಾರಾಗಿ ಬಂದರೆ ಎಷ್ಟು ಶಿಸ್ತುಗಳನ್ನು ಕಲಸಿದರೂ ಅದು ಮಾಹಿತಿ ಸಂಗ್ರಹವಾಗಿಯೇ ಉಳಿಯುತ್ತದೆ.

ಹೊರಗಿನ ಮಾದರಿ

ಆಫ್ರಿಕಾ ಅಧ್ಯಯನವು ವಿಶ್ವವಿದ್ಯಾಲಯದ ಒಂದು ವ್ಯವಸ್ಥಿತ ಶಾಖೆಯಾಗಿ ಬಲಗೊಂಡದ್ದು ಹೆಚ್ಚಾಗಿ ಅಮೆರಿಕದಲ್ಲಿ. 1948ರಲ್ಲಿ ಮಾನವಶಾಸ್ತ್ರಜ್ಞ ಮೆಲ್ವಿಲ್ ಹರ್ಸ್ಕೊವಿಟ್ಸ್ ಅವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನ ಕಾರ್ಯಕ್ರಮವನ್ನು ಸ್ಥಾಪಿಸಿದರು. ಅಲ್ಲಿ ವಿದ್ಯಾರ್ಥಿಯ ಪಿಎಚ್.ಡಿ. ಇತಿಹಾಸದಲ್ಲೋ ಸಮಾಜಶಾಸ್ತ್ರದಲ್ಲೋ ರಾಜ್ಯಶಾಸ್ತ್ರದಲ್ಲೋ ಆಗುತ್ತಿತ್ತು. ಆಫ್ರಿಕಾ ಎಂಬುದು ಆ ವಿಭಾಗಗಳ ವಿದ್ಯಾರ್ಥಿಗಳು ಸೇರುವ ಪಡಸಾಲೆಯಾಗಿತ್ತು. ಮುಂದೆ ಮೊಜಾಂಬಿಕ್‌ನ ವಿಮೋಚನಾ ಚಳವಳಿಯ ನಾಯಕರಾದ ಎಡುವಾರ್ಡೊ ಮೊಂಡ್ಲಾನೆ ಅವರು ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು ಇದೇ ನಾರ್ತ್‌ವೆಸ್ಟರ್ನ್‌ನಲ್ಲಿ. 1958ರಲ್ಲಿ ಅಮೆರಿಕ ಸರ್ಕಾರವು ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯನ್ನು ತಂದಾಗ ಅದರ ಆರನೆಯ ಅಧ್ಯಾಯದಡಿ ವಿದೇಶಿ ಭಾಷೆ ಮತ್ತು ಪ್ರದೇಶ ಅಧ್ಯಯನಗಳಿಗೆ ಹಣ ಹರಿಯಿತು. ಕಾಯ್ದೆಯ ಹೆಸರಿನಲ್ಲಿ ‘ರಕ್ಷಣಾ’ ಎಂಬ ಪದವಿರುವುದು ಆಕಸ್ಮಿಕವಲ್ಲ. ಹಿಂದಿನ ವರ್ಷ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತ್ತು, ಆಫ್ರಿಕಾದ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದವು. ಭಾರತದಲ್ಲಿಯೂ ಇದೇ ಕಾಲದಲ್ಲಿ, 1955ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನ ವಿಭಾಗ ಆರಂಭವಾಯಿತು. ಅದರ ಪ್ರೇರಣೆ ಬೇರೆ, ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಒಟ್ಟುಗೂಡಿದ ಬಾಂಡುಂಗ್ ಸಮ್ಮೇಳನದ ವರ್ಷದ ಸ್ನೇಹಭಾವ ಅದರ ಹಿಂದಿತ್ತು. ಆದರೂ ಸಂಶೋಧಕ ಇಲ್ಲಿ, ಸಂಶೋಧನೆಯ ವಸ್ತು ಅಲ್ಲಿ ಎಂಬ ಅಂತರ ಅಲ್ಲಿಯೂ ಉಳಿಯಿತು.

ಈ ಅಂತರ 1969ರಲ್ಲಿ ಮಾಂಟ್ರಿಯಲ್‌ನಲ್ಲಿ ಬಹಿರಂಗ ಘರ್ಷಣೆಯ ರೂಪ ಪಡೆಯಿತು. ಅಮೆರಿಕದ ಆಫ್ರಿಕಾ ಅಧ್ಯಯನ ಸಂಘದ ಸಮ್ಮೇಳನದ ವೇದಿಕೆಯನ್ನು ಕಪ್ಪು ವಿದ್ವಾಂಸರು ಮತ್ತು ವಿದ್ಯಾರ್ಥಿಗಳು ಆಕ್ರಮಿಸಿ, ಬಿಳಿಯರೇ ನಿರ್ಣಯಿಸುವ ಈ ಸಂಘದಲ್ಲಿ ಆಫ್ರಿಕಾದವರಿಗೆ ಇರುವ ಜಾಗ ಯಾವುದು ಎಂದು ಕೇಳಿದರು. ಮಾಹಿತಿ ಕೊಡುವವರಾಗಿ ಸಾಲದು, ಪ್ರಶ್ನೆ ಕೇಳುವವರಾಗಿ ಬೇಕು ಎಂಬುದು ಆ ಪ್ರತಿಭಟನೆಯ ತಿರುಳು. ಮಕೆರೆರೆಯ ಪ್ರಕರಣವನ್ನು ಅದೇ ವಾದದ ನಾಲ್ಕು ದಶಕಗಳ ನಂತರದ ಅಧ್ಯಾಯವೆಂದು ಓದಬಹುದು. ವ್ಯತ್ಯಾಸವೆಂದರೆ ಈ ಬಾರಿ ವಾದ ನಡೆದದ್ದು ಆಫ್ರಿಕಾದ ನೆಲದ ಮೇಲೆ, ಆಫ್ರಿಕಾದ ವಿಶ್ವವಿದ್ಯಾಲಯದ ಒಳಗೆ.

ಸಂಸ್ಥೆಯ ಪೂರ್ವಕಥೆ

ಮಕೆರೆರೆ 1922ರಲ್ಲಿ ಒಂದು ತಾಂತ್ರಿಕ ಶಾಲೆಯಾಗಿ ಹುಟ್ಟಿತು. 1949ರಲ್ಲಿ ಲಂಡನ್ ವಿಶ್ವವಿದ್ಯಾಲಯದೊಡನೆ ವಿಶೇಷ ಸಂಬಂಧವುಳ್ಳ ವಿಶ್ವವಿದ್ಯಾಲಯ ಕಾಲೇಜಾಯಿತು, 1963ರಲ್ಲಿ ನೈರೋಬಿ ಮತ್ತು ದಾರ್ ಎಸ್ ಸಲಾಮ್ ಕಾಲೇಜುಗಳ ಜೊತೆ ಪೂರ್ವ ಆಫ್ರಿಕಾ ವಿಶ್ವವಿದ್ಯಾಲಯದ ಅಂಗವಾಯಿತು, 1970ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಸಂಶೋಧನಾ ಸಂಸ್ಥೆಯು 1948ರಲ್ಲಿ ‘ಪೂರ್ವ ಆಫ್ರಿಕಾ ಸಮಾಜ ಸಂಶೋಧನಾ ಸಂಸ್ಥೆ’ ಎಂಬ ಹೆಸರಿನಲ್ಲಿ, ಬ್ರಿಟಿಷ್ ವಸಾಹತು ಆಡಳಿತದ ಅನುದಾನದಿಂದ ಸ್ಥಾಪನೆಯಾಯಿತು. 1950ರಿಂದ 1956ರವರೆಗೆ ಅದರ ನಿರ್ದೇಶಕಿಯಾಗಿದ್ದವರು ಮಾನವಶಾಸ್ತ್ರಜ್ಞೆ ಆಡ್ರಿ ರಿಚರ್ಡ್ಸ್.

ಆ ಕಾಲದ ಸಂಸ್ಥೆಯ ಕೆಲಸವನ್ನು ವಸಾಹತು ಆಡಳಿತದ ಚಾಕರಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಮಧ್ಯ ಉಗಾಂಡಾದ ಹಳೆಯ ಅರಸೊತ್ತಿಗೆಯಾದ ಬುಗಾಂಡಾಕ್ಕೆ ಕೂಲಿಗೆ ಬರುತ್ತಿದ್ದ ವಲಸಿಗರ ಬಗ್ಗೆ ರಿಚರ್ಡ್ಸ್ ಅವರ ಸಂಪಾದಕತ್ವದಲ್ಲಿ 1954ರಲ್ಲಿ ಬಂದ ಅಧ್ಯಯನವಾಗಲಿ, ಬುಗಾಂಡಾದ ಭೂ ಹಿಡುವಳಿಯ ಬಗ್ಗೆ ಎ. ಬಿ. ಮುಕ್ವಾಯಾ ಅವರು 1953ರಲ್ಲಿ ಪ್ರಕಟಿಸಿದ ಕಿರುಗ್ರಂಥವಾಗಲಿ ಇಂದಿಗೂ ಉಪಯುಕ್ತವಾದ ಕೆಲಸಗಳು. ಆದರೆ ಏನನ್ನು ಅಧ್ಯಯನ ಮಾಡಬೇಕು ಎಂಬ ಪಟ್ಟಿ ಆಡಳಿತದ ಅಗತ್ಯಗಳ ಸುತ್ತಲೇ ಇತ್ತು: ಕೂಲಿಗಳ ಸರಬರಾಜು, ಮುಖ್ಯಸ್ಥರ ಅಧಿಕಾರ, ಭೂಮಿ, ತೆರಿಗೆ. ಹೀಗೆ ಶಿಸ್ತುಗಳು ಹಲವಿದ್ದರೂ ಪ್ರಶ್ನೆಯ ಒಡೆತನ ಒಂದೇ ಕಡೆ ಇತ್ತು.

ಸ್ವಾತಂತ್ರ್ಯದ ನಂತರದ ಒಂದು ದಶಕ ಮಕೆರೆರೆಯ ಬೌದ್ಧಿಕ ಜೀವನದ ತುಂಬು ಕಾಲ. ಅಲಿ ಮಜ್ರುಯಿ ಅವರು ಅಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತಿದ್ದರು. ಕಂಪಾಲಾದಲ್ಲಿಯೇ ಹುಟ್ಟಿದ ಬಂಗಾಳಿ ಮೂಲದ ರಜತ್ ನಿಯೋಗಿ 1961ರಲ್ಲಿ ಆರಂಭಿಸಿದ ‘ಟ್ರಾನ್ಸಿಷನ್’ ಪತ್ರಿಕೆಯಲ್ಲಿ ಇಡೀ ಖಂಡದ ಬರಹಗಾರರು ವಾದ ಮಾಡುತ್ತಿದ್ದರು. 1971ರ ಇದಿ ಅಮೀನ್ ಕ್ಷಿಪ್ರಕ್ರಾಂತಿಯು ಇದನ್ನು ಮುರಿಯಿತು. 1972ರಲ್ಲಿ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಡಲಾಯಿತು, ಅದೇ ವರ್ಷ ಮಕೆರೆರೆಯ ಕುಲಪತಿ ಫ್ರಾಂಕ್ ಕಾಲಿಮುಜೊ ಅವರನ್ನು ಹಿಡಿದೊಯ್ದವರು ಮರಳಿ ಕಳಿಸಲಿಲ್ಲ. ದೇಶ ಬಿಟ್ಟ ಏಷ್ಯನ್ನರಲ್ಲಿ ಆಗಿನ್ನೂ ಮಕೆರೆರೆಯಲ್ಲಿ ಬೋಧನಾ ಸಹಾಯಕರಾಗಿದ್ದ ಮಹಮೂದ್ ಮಮ್ದಾನಿ ಒಬ್ಬರು. 1946ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಕಂಪಾಲಾದಲ್ಲಿ ಬೆಳೆದ ಇವರು 1974ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಈ ಪ್ರಕರಣದ ಕೇಂದ್ರದಲ್ಲಿರುವವರು ಇವರೇ.

ಮಾರುಕಟ್ಟೆ ಕಂಡುಹಿಡಿದ ‘ಅಂತರ್‌ಶಿಸ್ತು’

ಮಕೆರೆರೆಗೆ ಎರಡನೆಯ ಪೆಟ್ಟು ಬಿದ್ದದ್ದು ಹಣಕಾಸಿನ ಕಡೆಯಿಂದ. 1980ರ ದಶಕದಲ್ಲಿ ವಿಶ್ವ ಬ್ಯಾಂಕ್ ಆಫ್ರಿಕಾದ ಸರ್ಕಾರಗಳಿಗೆ ಹೇಳಿದ್ದು ಇಷ್ಟು: ಪ್ರಾಥಮಿಕ ಶಿಕ್ಷಣದ ಮೇಲೆ ಹಾಕಿದ ಹಣಕ್ಕೆ ಸಮಾಜಕ್ಕೆ ಸಿಗುವ ಪ್ರತಿಫಲ ಹೆಚ್ಚು, ವಿಶ್ವವಿದ್ಯಾಲಯದ ಮೇಲೆ ಹಾಕಿದ್ದಕ್ಕೆ ಕಡಿಮೆ. ಉಗಾಂಡಾ ಸರ್ಕಾರ ಕೈ ಹಿಂತೆಗೆಯಿತು, ಮಕೆರೆರೆ 1992ರಿಂದ ಶುಲ್ಕ ಕಟ್ಟುವ ಖಾಸಗಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತೊಡಗಿತು. ಹಗಲಿನ ತರಗತಿಗಳ ಜೊತೆಗೆ ಸಂಜೆಯ ತರಗತಿಗಳು ಬಂದವು. 1990ರ ದಶಕದ ಆರಂಭದಲ್ಲಿ 7,000ದ ಆಸುಪಾಸಿನಲ್ಲಿದ್ದ ವಿದ್ಯಾರ್ಥಿಗಳ ಸಂಖ್ಯೆ 2000ದ ದಶಕದ ಮಧ್ಯಭಾಗದ ಹೊತ್ತಿಗೆ 30,000ದ ಹತ್ತಿರ ಬಂತು, ಅವರಲ್ಲಿ ಬಹುಪಾಲು ಶುಲ್ಕ ಕಟ್ಟುವವರು.

ಶುಲ್ಕ ವಿಭಾಗಗಳಿಗೆ ಹಂಚಿಕೆಯಾಗುತ್ತಿದ್ದುದರಿಂದ ಪ್ರತಿ ವಿಭಾಗವೂ ವಿದ್ಯಾರ್ಥಿಗಳನ್ನು ಸೆಳೆಯುವ ಹೊಸ ಕೋರ್ಸುಗಳನ್ನು ಹುಡುಕಬೇಕಾಯಿತು. ಪ್ರವಾಸೋದ್ಯಮ, ಕಾರ್ಯದರ್ಶಿ ಕೆಲಸದ ತರಬೇತಿಯಂಥವು ಪದವಿ ಕೋರ್ಸುಗಳಾದವು. ಅನೇಕ ಶಿಸ್ತುಗಳಿಂದ ಒಂದೊಂದು ತುಣುಕು ತೆಗೆದು ಜೋಡಿಸಿದ ಇಂಥ ಕೋರ್ಸುಗಳಿಗೆ ‘ಅಂತರ್‌ಶಿಸ್ತೀಯ’ ಎಂಬ ಘನವಾದ ಹೆಸರು ಅಂಟಿತು. 1989ರಿಂದ 2005ರವರೆಗಿನ ಈ ಬದಲಾವಣೆಯನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಮ್ದಾನಿ ತೋರಿಸಿದ್ದು ಇದನ್ನೇ: ಶಿಸ್ತುಗಳ ಗಡಿ ದಾಟುವುದರ ಹೆಸರಿನಲ್ಲಿ ಶಿಸ್ತೇ ಸಡಿಲವಾಯಿತು, ಒಂದು ವಿಷಯದ ಅಡಿಪಾಯವನ್ನು ಗಟ್ಟಿಯಾಗಿ ಕಲಿಸುತ್ತಿದ್ದ ವಿಭಾಗಗಳು ಬಡವಾದವು, ಬೋಧಕರು ಎರಡು ಮೂರು ಪಾಳಿಗಳಲ್ಲಿ ಪಾಠ ಹೇಳುತ್ತ ಸಂಶೋಧನೆಗೆ ಬೆನ್ನು ಮಾಡಿದರು. ಸ್ವಂತ ಆದಾಯದ ಕೋರ್ಸುಗಳನ್ನು ನಂಬಿ ವಿಭಾಗ ನಡೆಸುವ ಅನುಭವ ಕರ್ನಾಟಕದ ಪ್ರಾಧ್ಯಾಪಕರಿಗೂ ಹೊಸದಲ್ಲವಾದ್ದರಿಂದ ಈ ಭಾಗವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಂಶೋಧನಾ ಸಂಸ್ಥೆಯ ಸ್ಥಿತಿ ಇನ್ನೂ ಸೂಕ್ಷ್ಮವಾಗಿತ್ತು. ಅಲ್ಲಿ ಬೋಧನೆಯೇ ಇರಲಿಲ್ಲ. ಸಂಶೋಧಕರು ನೆರವು ಸಂಸ್ಥೆಗಳಿಗೆ, ಸಚಿವಾಲಯಗಳಿಗೆ, ಅಂತರರಾಷ್ಟ್ರೀಯ ಸಂಘಟನೆಗಳಿಗೆ ಸಮಾಲೋಚನಾ ವರದಿಗಳನ್ನು ಬರೆದುಕೊಡುತ್ತಿದ್ದರು. 2010ರಲ್ಲಿ ನಿರ್ದೇಶಕರಾಗಿ ಬಂದ ಮಮ್ದಾನಿ ಮರುವರ್ಷ ಮಕೆರೆರೆಯಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಈ ಸಮಾಲೋಚನಾ ಸಂಸ್ಕೃತಿಯನ್ನು ಕಟುವಾಗಿ ವಿಶ್ಲೇಷಿಸಿದರು. ಸಮಾಲೋಚಕನು ಗಿರಾಕಿ ಮುಂದಿಟ್ಟ ಸಮಸ್ಯೆಗೆ ಉತ್ತರ ಹುಡುಕುತ್ತಾನೆ, ಸಂಶೋಧಕನ ಮೊದಲ ಕೆಲಸವೇ ಸಮಸ್ಯೆಯನ್ನು ರೂಪಿಸುವುದು ಎಂಬುದು ಅವರ ವಾದದ ಮುಖ್ಯ ಎಳೆ. ಅವರು ಕೊಟ್ಟ ಚಿತ್ರವೂ ನೆನಪಿನಲ್ಲಿ ಉಳಿಯುವಂಥದು: ವಿಚಾರಗೋಷ್ಠಿಗಳು ವಿಶ್ವವಿದ್ಯಾಲಯದಿಂದ ಹೋಟೆಲುಗಳಿಗೆ ಸ್ಥಳಾಂತರಗೊಂಡಿವೆ, ಪ್ರಬಂಧದ ಜಾಗಕ್ಕೆ ಪವರ್‌ಪಾಯಿಂಟ್ ಬಂದಿದೆ, ವಿದ್ವಾಂಸರು ತಮ್ಮ ಮಾತು ಮುಗಿಸಿ, ಭತ್ಯೆ ಪಡೆದು, ಇನ್ನೊಬ್ಬರ ಮಾತು ಕೇಳದೆ ಹೊರಡುತ್ತಾರೆ.

ಮಮ್ದಾನಿಯವರ ಈ ನಿಲುವಿಗೆ ಇನ್ನೊಂದು ಅನುಭವದ ಹಿನ್ನೆಲೆಯೂ ಇತ್ತು. 1996ರಲ್ಲಿ ಅವರು ಕೇಪ್‌ಟೌನ್ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ಪೀಠಕ್ಕೆ ನೇಮಕವಾಗಿದ್ದರು. ಹೊಸ ವಿದ್ಯಾರ್ಥಿಗಳಿಗೆ ಆಫ್ರಿಕಾವನ್ನು ಕುರಿತ ಮೂಲ ಪಠ್ಯಕ್ರಮವೊಂದನ್ನು ರೂಪಿಸುವ ಹೊಣೆ ಅವರಿಗೆ ಬಂದು, ಅದರ ಸ್ವರೂಪದ ಬಗ್ಗೆ ಸಹೋದ್ಯೋಗಿಗಳೊಡನೆ ತೀವ್ರ ಭಿನ್ನಾಭಿಪ್ರಾಯ ಹುಟ್ಟಿ, ಕೊನೆಗೆ ಬೇರೊಂದು ಪಠ್ಯಕ್ರಮ ಜಾರಿಯಾಯಿತು. ಆಫ್ರಿಕಾ ಎಂದರೆ ಸಹರಾದ ಕೆಳಗಿನದು ಮತ್ತು ದಕ್ಷಿಣ ಆಫ್ರಿಕಾವನ್ನು ಬಿಟ್ಟದ್ದು ಎಂದು ನಂಬುವ, ಆಫ್ರಿಕಾದ ಪಂಡಿತರೊಳಗಿನ ವಾದಗಳನ್ನು ಓದಿಸದೆ ಹೊರಗಿನವರ ಪಠ್ಯಗಳನ್ನೇ ಓದಿಸುವ ಕ್ರಮವನ್ನು ಅವರು 1998ರಲ್ಲಿ ಬಹಿರಂಗವಾಗಿ ಪ್ರಶ್ನಿಸಿದರು, ಮರುವರ್ಷ ಅಲ್ಲಿಂದ ಹೊರಟರು. ಬಿಳಿಯರ ಅನುಭವವನ್ನು ಜಗತ್ತಿನ ಅನುಭವವೆಂದು ‘ಶಿಸ್ತು’ಗಳು ಕಲಿಸುತ್ತವೆ, ಉಳಿದವರ ಅನುಭವವನ್ನು ಸ್ಥಳೀಯ ವಿಶೇಷವೆಂದು ‘ಪ್ರದೇಶ ಅಧ್ಯಯನ’ ಕಲಿಸುತ್ತದೆ ಎಂಬ ಅವರ ಆಕ್ಷೇಪ ಆಗ ಸ್ಪಷ್ಟ ರೂಪ ಪಡೆಯಿತು. ಕಂಪಾಲಾದಲ್ಲಿ ಅವರು ಕಟ್ಟಲು ಹೊರಟ ಕಾರ್ಯಕ್ರಮಕ್ಕೆ ಹೆಸರಿನಲ್ಲಿ ‘ಆಫ್ರಿಕಾ’ ಇಲ್ಲದಿರುವುದಕ್ಕೆ, ‘ಸಮಾಜ ಅಧ್ಯಯನ’ ಎಂದಿರುವುದಕ್ಕೆ ಕಾರಣ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಆಫ್ರಿಕಾದಲ್ಲಿ ನಿಂತು ಸಮಾಜವನ್ನು ಅಧ್ಯಯನ ಮಾಡುವವರು ತಮ್ಮ ವಿಷಯಕ್ಕೆ ಆಫ್ರಿಕಾ ಎಂಬ ವಿಶೇಷಣ ಹಚ್ಚಬೇಕಾಗಿಲ್ಲ.

ಒಂದು ಪದ, ನಾಲ್ಕು ಶಿಸ್ತು

ಈ ಕಾರ್ಯಕ್ರಮದ ತರ್ಕ ಅರ್ಥವಾಗಬೇಕಾದರೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬುಗಾಂಡಾದ ಭೂಮಿಯ ಬಗ್ಗೆ ಮಹಾಪ್ರಬಂಧ ಬರೆಯಲು ಬಂದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಅವಳ ಕೈಗೆ ಮೊದಲು ಸಿಗುವ ಪದ ‘ಮೈಲೊ’. ಮಧ್ಯ ಉಗಾಂಡಾದಲ್ಲಿ ಇಂದಿಗೂ ಒಂದು ಬಗೆಯ ಖಾಸಗಿ ಭೂ ಒಡೆತನಕ್ಕೆ ಇದೇ ಕಾನೂನಿನ ಹೆಸರು.

ಮೈಲೊ ಎಂಬುದು ಇಂಗ್ಲಿಷಿನ ‘ಮೈಲ್’. 1900ರ ಮಾರ್ಚ್ 10ರಂದು ಬ್ರಿಟಿಷ್ ವಿಶೇಷ ಆಯುಕ್ತ ಹ್ಯಾರಿ ಜಾನ್ಸ್‌ಟನ್ ಮತ್ತು ಬಾಲಕ ಅರಸ ದಾವುದಿ ಚ್ವಾನ ಪರವಾಗಿ ಮೂವರು ರಾಜಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ಬಂದರು. ರಾಜ್ಯದ ಭೂಮಿಯನ್ನು ಚದರ ಮೈಲಿಗಳ ಲೆಕ್ಕದಲ್ಲಿ ಹಂಚಲಾಯಿತು: ಅರಸನಿಗೆ 350, ಸಾವಿರ ಮಂದಿ ಮುಖ್ಯಸ್ಥರು ಮತ್ತು ಖಾಸಗಿ ಒಡೆಯರಿಗೆ 8,000, ಉಳಿದದ್ದರ ದೊಡ್ಡ ಪಾಲು ಬ್ರಿಟಿಷ್ ಪ್ರಭುತ್ವಕ್ಕೆ. ಆ ನೆಲವನ್ನು ಉಳುತ್ತಿದ್ದವರ ಹೆಸರು ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಅವರ ತುಂಡು ನೆಲಕ್ಕೆ ‘ಕಿಬಾಂಜಾ’ ಎಂದು ಹೆಸರು. ಅವರು ಒಡೆಯನಿಗೆ ‘ಬುಸೂಲು’ ಎಂಬ ನೆಲಗಂದಾಯವನ್ನೂ ‘ಎನ್ವುಜ್ಜೊ’ ಎಂಬ ಬೆಳೆಪಾಲನ್ನೂ ಕೊಡಬೇಕಾಯಿತು. ಹತ್ತಿ ಬೆಳೆ ಲಾಭ ತರತೊಡಗಿದಂತೆ ಒಡೆಯರ ಬೇಡಿಕೆ ಏರಿತು, ರೈತರ ಅಸಮಾಧಾನ ಹೆಚ್ಚಿತು, 1927ರ ಕಾನೂನು ಈ ಎರಡೂ ಪಾವತಿಗಳಿಗೆ ಮಿತಿ ಹಾಕಿತು. ಗೇಣಿ ಎಂಬ ಪದದ ತೂಕವನ್ನು ಬಲ್ಲ ಕನ್ನಡ ಓದುಗರಿಗೆ, 1974ರ ಭೂ ಸುಧಾರಣಾ ತಿದ್ದುಪಡಿಯ ನೆನಪು ಮನೆಯಲ್ಲಿಯೇ ಇರುವವರಿಗೆ, ಇದರ ಒಳಹೊರಗು ಬೇಗ ಅರ್ಥವಾಗುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿನಿ ಇಲ್ಲಿ ಕಾಣುವುದು ಬಾಡಿಗೆ, ಇಳುವರಿ, ಹೂಡಿಕೆಗೆ ಒಡೆಯನಿಗಿರುವ ಪ್ರೇರಣೆ. ಅವಳ ಪಕ್ಕದಲ್ಲಿ ಕುಳಿತ ಕಾನೂನಿನ ವಿದ್ಯಾರ್ಥಿ ಬೇರೆಯದನ್ನು ಕಾಣುತ್ತಾನೆ: 1975ರಲ್ಲಿ ಅಮೀನ್ ಸರ್ಕಾರದ ಆಜ್ಞೆ ಎಲ್ಲ ಭೂಮಿಯನ್ನೂ ಸಾರ್ವಜನಿಕ ಭೂಮಿಯೆಂದು ಘೋಷಿಸಿ ಮೈಲೊವನ್ನು ಗುತ್ತಿಗೆಯಾಗಿ ಪರಿವರ್ತಿಸಿತು, 1995ರ ಸಂವಿಧಾನ ಮೈಲೊವನ್ನು ಮರಳಿ ತಂದಿತು, 1998ರ ಭೂ ಕಾಯ್ದೆಯು ಸಂವಿಧಾನ ಜಾರಿಯಾಗುವ ಹೊತ್ತಿಗೆ ಹನ್ನೆರಡು ವರ್ಷ ಅಡೆತಡೆಯಿಲ್ಲದೆ ನೆಲದ ಮೇಲಿದ್ದವರನ್ನು ಪ್ರಾಮಾಣಿಕ ಅನುಭೋಗಿಗಳೆಂದು ಗುರುತಿಸಿತು. ಹೀಗೆ ಒಂದೇ ಹೊಲದ ಮೇಲೆ ಇಬ್ಬರಿಗೆ ಕಾನೂನುಬದ್ಧ ಹಕ್ಕು ಹುಟ್ಟಿತು, ಒಬ್ಬನಿಗೆ ಹಕ್ಕುಪತ್ರದ್ದು, ಇನ್ನೊಬ್ಬನಿಗೆ ವಾಸದ್ದು. ಒಬ್ಬನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಅದನ್ನು ಸರಿಯಾಗಿ ಮಾರಲೂ ಆಗದು, ಅಡವಿಡಲೂ ಆಗದು. ಅರ್ಥಶಾಸ್ತ್ರದ ವಿದ್ಯಾರ್ಥಿನಿ ‘ಹೂಡಿಕೆಯ ಕೊರತೆ’ ಎಂದು ಕೋಷ್ಟಕದಲ್ಲಿ ಬರೆದದ್ದಕ್ಕೆ ಕಾರಣ ಈ ಎರಡು ಹಕ್ಕುಗಳ ಸಿಕ್ಕಿನಲ್ಲಿದೆ.

ಮಾನವಶಾಸ್ತ್ರದಿಂದ ಬಂದವನು ಇನ್ನೂ ಹಿಂದಕ್ಕೆ ಹೋಗುತ್ತಾನೆ. 1900ಕ್ಕೆ ಮೊದಲು ಬುಗಾಂಡಾದ ಕುಲಗಳಿಗೆ ತಮ್ಮ ಹಿರಿಯರನ್ನು ಹೂಳಿದ ನೆಲಗಳಿದ್ದವು, ಅವಕ್ಕೆ ‘ಬುತಾಕಾ’ ಎನ್ನುತ್ತಿದ್ದರು. ಮೈಲಿ ಲೆಕ್ಕದ ಹಂಚಿಕೆಯಲ್ಲಿ ಈ ಸಮಾಧಿ ನೆಲಗಳು ಎಷ್ಟೋ ಕಡೆ ಸಂಬಂಧವಿಲ್ಲದ ಮುಖ್ಯಸ್ಥರ ಪಾಲಾದವು. 1920ರ ದಶಕದಲ್ಲಿ ಕುಲದ ಹಿರಿಯರು ಸಂಘಟಿತರಾಗಿ ಇದನ್ನು ಪ್ರತಿಭಟಿಸಿದರು. ಅವರು ಕೇಳುತ್ತಿದ್ದದ್ದು ಸತ್ತವರೊಡನೆ ಬದುಕಿರುವವರಿಗಿದ್ದ ನಂಟನ್ನು. ಬಾಡಿಗೆಯ ಲೆಕ್ಕದಲ್ಲಾಗಲಿ ಹಕ್ಕುಪತ್ರದ ಭಾಷೆಯಲ್ಲಾಗಲಿ ಅದಕ್ಕೆ ಮನೆಯಿರಲಿಲ್ಲ.

ಇತಿಹಾಸದ ವಿದ್ಯಾರ್ಥಿಯ ಸರದಿ ಬಂದಾಗ ಆಧಾರಗಳೇ ಪ್ರಶ್ನೆಯಾಗುತ್ತವೆ. ಬುಗಾಂಡಾದ ಹಳೆಯ ಅರಸರ ಚರಿತ್ರೆಗೆ ಎಲ್ಲರೂ ಆಶ್ರಯಿಸುವ, ಅಲ್ಲಿನ ನುಡಿಯಾದ ಲುಗಾಂಡಾದಲ್ಲಿರುವ ಗ್ರಂಥವನ್ನು 1901ರಲ್ಲಿ ಪ್ರಕಟಿಸಿದವರು ಅಪೊಲೊ ಕಾಗ್ವಾ. ಅವರು ರಾಜ್ಯದ ಪ್ರಧಾನಿ. ಒಪ್ಪಂದಕ್ಕೆ ಸಹಿ ಹಾಕಿದ ಮೂವರು ರಾಜಪ್ರತಿನಿಧಿಗಳಲ್ಲಿ ಒಬ್ಬರು. ಹಂಚಿಕೆಯಿಂದ ದೊಡ್ಡ ಪಾಲು ಪಡೆದವರಲ್ಲಿಯೂ ಒಬ್ಬರು. ಭೂಮಿ ಪಡೆದವರೇ ಚರಿತ್ರೆಯನ್ನೂ ಬರೆದಾಗ ಆ ಚರಿತ್ರೆಯನ್ನು ಹೇಗೆ ಓದಬೇಕು ಎಂಬುದು ನಾಲ್ಕು ಶಿಸ್ತಿನವರೂ ಒಟ್ಟಿಗೆ ಎದುರಿಸಬೇಕಾದ ಪ್ರಶ್ನೆ. ಅದನ್ನು ಎದುರಿಸಲು ಗ್ರಂಥಪಠಣದ ತರಬೇತಿ ಬೇಕು, ಅಂದರೆ ಸಾಹಿತ್ಯದ ವಿದ್ಯಾರ್ಥಿಯ ಸಹಾಯ ಬೇಕು.

ಈಗ ಸಮಾಲೋಚನಾ ವರದಿಯೊಂದು ಇದೇ ವಿಷಯವನ್ನು ಹೇಗೆ ನೋಡುತ್ತದೆ ಎಂದು ಹೋಲಿಸಬೇಕು. ಗಿರಾಕಿಯ ಪ್ರಶ್ನೆ ಹೀಗಿರುತ್ತದೆ: ಮಧ್ಯ ಉಗಾಂಡಾದಲ್ಲಿ ಭೂ ನೋಂದಣಿಯನ್ನು ತ್ವರಿತಗೊಳಿಸುವುದು ಹೇಗೆ? ಈ ಪ್ರಶ್ನೆಯನ್ನು ಒಪ್ಪಿಕೊಂಡ ಕ್ಷಣವೇ ಹಕ್ಕುಪತ್ರವೇ ಹಕ್ಕು ಎಂಬ ಉತ್ತರವನ್ನೂ ಒಪ್ಪಿಕೊಂಡಂತಾಯಿತು. ತಂಡದಲ್ಲಿ ಅರ್ಥಶಾಸ್ತ್ರಜ್ಞ, ವಕೀಲ, ಸಮಾಜಶಾಸ್ತ್ರಜ್ಞ ಮೂವರೂ ಇರಬಹುದು, ಮೂವರೂ ತಮ್ಮ ತಮ್ಮ ಅಧ್ಯಾಯ ಬರೆಯಬಹುದು. ಆದರೆ ಮೂರು ಶಿಸ್ತುಗಳು ಒಂದನ್ನೊಂದು ಕದಲಿಸಿರುವುದಿಲ್ಲ. ಕದಲಿಸಬೇಕಾದರೆ ಮೂವರೂ ಮೊದಲು ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಜಗಳವಾಡಬೇಕು, ಅದಕ್ಕೆ ತಿಂಗಳುಗಳು ಸಾಲವು. ಎರಡು ವರ್ಷಗಳ ಸಾಮೂಹಿಕ ಓದು ಎಂಬ ನಿಯಮದ ಬೆಲೆ ನನಗೆ ತಿಳಿಯುವುದು ಇಲ್ಲಿ.

ಘರ್ಷಣೆಗಳು

ಕಾರ್ಯಕ್ರಮ ಸರಾಗವಾಗಿ ನಡೆಯಿತೆಂದು ಹೇಳಲಾಗದು. ಮೊದಲ ತೊಡಕು ಸಂಸ್ಥೆಯ ಒಳಗಿನದು. ಸಂಶೋಧಕರಾಗಿ ನೇಮಕಗೊಂಡಿದ್ದವರಿಗೆ ಈಗ ಬೋಧನೆಯ ಹೊಣೆಯೂ ಬಂತು. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಸಂಶೋಧಕರ ಕರ್ತವ್ಯದ ಭಾಗವೆಂದು ನಿರ್ದೇಶಕರು ವಾದಿಸಿದರು; ತಮ್ಮ ನೇಮಕಾತಿಯ ಷರತ್ತಿನಲ್ಲಿ ಅದು ಇರಲಿಲ್ಲವೆಂದು ಮಾನವಶಾಸ್ತ್ರಜ್ಞೆ ಸ್ಟೆಲ್ಲಾ ನ್ಯಾಂಜಿ ವಾದಿಸಿದರು. 2016ರ ಏಪ್ರಿಲ್‌ನಲ್ಲಿ ಅವರ ಕಚೇರಿಗೆ ಬೀಗ ಬಿದ್ದಾಗ ಅವರು ಸಂಸ್ಥೆಯ ಆವರಣದಲ್ಲಿ ಬಟ್ಟೆ ಕಳಚಿ ಪ್ರತಿಭಟಿಸಿದರು, ಸುದ್ದಿ ಜಗತ್ತಿನಾದ್ಯಂತ ಹರಡಿತು, ವಿಶ್ವವಿದ್ಯಾಲಯ ವಿಚಾರಣೆ ನಡೆಸಿತು. ಈ ವಿವಾದವನ್ನು ಇಬ್ಬರು ವ್ಯಕ್ತಿಗಳ ಜಗಳವಾಗಿ ಓದಿದರೆ ಅದರೊಳಗಿನ ಸಾಂಸ್ಥಿಕ ಪ್ರಶ್ನೆ ತಪ್ಪಿಹೋಗುತ್ತದೆ. ವರದಿ ಬರೆಯುವವರಿಗಾಗಿ ರೂಪುಗೊಂಡ ಸಂಸ್ಥೆಯನ್ನು ವಿದ್ಯಾರ್ಥಿಗಳಿಗಾಗಿ ಮರುರೂಪಿಸುವಾಗ ಹಳೆಯ ನೇಮಕಾತಿ, ಸಂಬಳ, ಗೌರವಗಳ ಲೆಕ್ಕವನ್ನು ಯಾರು, ಯಾವ ವೇದಿಕೆಯಲ್ಲಿ ತೀರ್ಮಾನಿಸಬೇಕು? ಬದಲಾವಣೆ ನಿರ್ದೇಶಕರೊಬ್ಬರ ದೃಷ್ಟಿ ಮತ್ತು ಅಧಿಕಾರದ ಮೇಲೆ ಅತಿಯಾಗಿ ನಿಂತಿತ್ತು ಎಂಬುದನ್ನು ಕಾರ್ಯಕ್ರಮದ ಉದ್ದೇಶವನ್ನು ಮೆಚ್ಚುವವರೂ ಒಪ್ಪಿಕೊಳ್ಳಬೇಕು. ನಾನು ಮೆಚ್ಚುವವರಲ್ಲಿ ಒಬ್ಬ.

ಎರಡನೆಯ ತೊಡಕು ಹಣದ್ದು. ವಿದ್ಯಾರ್ಥಿಗಳು ಐದು ವರ್ಷ ಬೇರೆ ಉದ್ಯೋಗವಿಲ್ಲದೆ ಓದಬೇಕಾದರೆ ವೇತನ ಬೇಕು, ಅದರ ಗಣನೀಯ ಭಾಗ ಹೊರದೇಶದ ದತ್ತಿ ಸಂಸ್ಥೆಗಳಿಂದಲೇ ಬಂತು. ಗಿರಾಕಿಯ ಪ್ರಶ್ನೆಯಿಂದ ಬಿಡುಗಡೆ ಬಯಸಿದ ಕಾರ್ಯಕ್ರಮವು ದಾನಿಯ ಔದಾರ್ಯವನ್ನು ನೆಚ್ಚಬೇಕಾದದ್ದು ಸಣ್ಣ ವಿರೋಧಾಭಾಸವಲ್ಲ. ಆದರೂ ವರದಿಗೆ ಕೊಡುವ ಹಣಕ್ಕೂ ವಿದ್ಯಾರ್ಥಿಯ ಕಾಲಕ್ಕೆ ಕೊಡುವ ಹಣಕ್ಕೂ ವ್ಯತ್ಯಾಸವಿದೆ: ಮೊದಲನೆಯದು ಉತ್ತರವನ್ನು ಕೊಳ್ಳುತ್ತದೆ, ಎರಡನೆಯದು ಓದಲು ಬಿಡುವು ಕೊಡುತ್ತದೆ. ಸ್ವಂತ ಸರ್ಕಾರ ಆ ಬಿಡುವಿಗೆ ಬೆಲೆ ಕಟ್ಟುವವರೆಗೆ ಈ ಅವಲಂಬನೆ ತಪ್ಪದು.

ಪತ್ರಾಗಾರಗಳ ಸ್ಥಿತಿಯೂ ವಿದ್ಯಾರ್ಥಿಯ ದಾರಿಯನ್ನು ನಿರ್ಧರಿಸಿತು. ಉಗಾಂಡಾದ ರಾಷ್ಟ್ರೀಯ ಪತ್ರಾಗಾರ ದೀರ್ಘಕಾಲ ಎಂಟೆಬ್ಬೆಯ ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಜಿಲ್ಲಾ ಕಚೇರಿಗಳ ಹಳೆಯ ಕಡತಗಳು ದೂಳು ಮತ್ತು ಗೆದ್ದಲಿನ ನಡುವೆ ಉಳಿದಿದ್ದವು. ಅವನ್ನು ವಿಂಗಡಿಸಿ ಪಟ್ಟಿ ಮಾಡುವ ಕೆಲಸದಲ್ಲಿ ವಿದ್ಯಾರ್ಥಿಗಳು ಕೈಜೋಡಿಸಿದ್ದಾರೆ. ಅಂಥ ಕೆಲಸದಲ್ಲಿ ಒಂದು ದಿನ ಕಳೆದವರಿಗೆ ಶಿಸ್ತುಗಳ ಗಡಿ ಎಷ್ಟು ಕೃತಕವೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ, ಏಕೆಂದರೆ ಜಿಲ್ಲಾಧಿಕಾರಿಯ ಒಂದೇ ಕಡತದಲ್ಲಿ ಹತ್ತಿಯ ಬೆಲೆ, ಕುಲದ ವ್ಯಾಜ್ಯ, ಶಾಲೆಯ ಅರ್ಜಿ, ರೋಗದ ವರದಿಗಳು ಒಂದರ ಮೇಲೊಂದು ಬಿದ್ದಿರುತ್ತವೆ.

ಭಾಷೆ

ಕೊನೆಯ ತೊಡಕು ಭಾಷೆಯದು, ಕನ್ನಡದಲ್ಲಿ ಬರೆಯುವವನಾಗಿ ನನಗೆ ಅತ್ಯಂತ ಹತ್ತಿರದ್ದೂ ಇದೇ. ಅಮೆರಿಕದ ಆಫ್ರಿಕಾ ಅಧ್ಯಯನ ಕೇಂದ್ರಗಳಲ್ಲಿ ವಿದ್ಯಾರ್ಥಿ ಸ್ವಾಹಿಲಿಯನ್ನೋ ಹೌಸಾವನ್ನೋ ಕಲಿಯುವುದು ಕ್ಷೇತ್ರಕಾರ್ಯದ ಸಲಕರಣೆಯಾಗಿ. ಕಂಪಾಲಾದ ವಿದ್ಯಾರ್ಥಿಗೆ ಲುಗಾಂಡಾ, ಅಚೋಲಿ, ರುನ್ಯಾಂಕೊಲೆ ಅಥವಾ ಸ್ವಾಹಿಲಿ ಮನೆಯ, ಬೀದಿಯ ನುಡಿ. ಆದರೆ ಚಿಂತನೆಯ ಭಾಷೆಯಾಗಿ ಅವಳ ಮುಂದಿರ‍ುವುದು ಇಂಗ್ಲಿಷ್. ಮಮ್ದಾನಿಯವರು ಇದರ ಬಗ್ಗೆ ಎತ್ತುವ ಉದಾಹರಣೆ ಕಹಿಯಾದದ್ದು, ಆದರೆ ಅಲ್ಲಗಳೆಯಲಾಗದ್ದು: ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕಾನ್ಸ್ ಎಂಬ ಆಡುನುಡಿಯನ್ನು ಅರ್ಧ ಶತಮಾನದ ಒಳಗೆ ವಿಜ್ಞಾನ, ಕಾನೂನು, ವಿಶ್ವವಿದ್ಯಾಲಯಗಳ ಭಾಷೆಯಾಗಿ ಬೆಳೆಸಲಾಯಿತು. ಅದರ ಹಿಂದೆ ವರ್ಣಭೇದದ ಪ್ರಭುತ್ವವಿತ್ತು, ಪ್ರಭುತ್ವದ ಹಣವಿತ್ತು. ಖಂಡದ ಉಳಿದ ನುಡಿಗಳ ಹಿಂದೆ ಸ್ವತಂತ್ರ ಸರ್ಕಾರಗಳು ಅಷ್ಟು ದೃಢವಾಗಿ ನಿಲ್ಲಲಿಲ್ಲ; ಸ್ವಾಹಿಲಿಗಾಗಿ ಟಾಂಜಾನಿಯಾ ಮಾಡಿದ ಪ್ರಯತ್ನವೂ ವಿಶ್ವವಿದ್ಯಾಲಯದವರೆಗೆ ತಲುಪಲಿಲ್ಲ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ನಮ್ಮ ಮುಂದಿದ್ದ ಪ್ರಶ್ನೆಯೂ ಇದೇ ಜಾತಿಯದು.

ಸಂಸ್ಥೆಯ ಕಾರ್ಯಕ್ರಮ ಭಾಷಾ ಕಲಿಕೆಗೆ ಜಾಗ ಕೊಟ್ಟಿತು, ಸಂಸ್ಥೆ ತನ್ನದೇ ಪತ್ರಿಕೆಯನ್ನೂ ಆರಂಭಿಸಿತು. ಆದರೆ ಪತ್ರಿಕೆಯೂ ಮಹಾಪ್ರಬಂಧವೂ ಇಂಗ್ಲಿಷಿನವೇ. 2022ರಲ್ಲಿ ಮಮ್ದಾನಿ ನಿರ್ದೇಶಕ ಸ್ಥಾನದಿಂದ ಇಳಿದ ಹೊತ್ತಿಗೂ ಈ ಭಾಗದಲ್ಲಿ ಬದಲಾದದ್ದು ಕಡಿಮೆ. ನಾವು ಊಹಿಸಿಕೊಂಡ ಆ ವಿದ್ಯಾರ್ಥಿನಿಗೇ ಮರಳುವುದಾದರೆ, ಅವಳು ಕಿಬಾಂಜಾದ ರೈತರೊಡನೆ ಮಾತನಾಡುವುದು ಲುಗಾಂಡಾದಲ್ಲಿ, ಕುಲದ ಹಿರಿಯರ ಅರ್ಜಿಗಳನ್ನು ಓದುವುದು ಲುಗಾಂಡಾದಲ್ಲಿ, ಕಾಗ್ವಾ ತಮ್ಮ ಜನರಿಗಾಗಿ ಬರೆದ ಅರಸರ ಚರಿತ್ರೆಯನ್ನು ತೆರೆಯುವುದೂ ಲುಗಾಂಡಾದಲ್ಲಿ. ಆ ಮೂರನ್ನೂ ಕೂಡಿಸಿ ಅವಳು ಕಟ್ಟುವ ವಾದ ಪರೀಕ್ಷಕರ ಕೈ ಸೇರುವುದು ಇಂಗ್ಲಿಷಿನಲ್ಲಿ, ಆ ರೈತರು ಓದಲಾರದ ಪುಟಗಳಲ್ಲಿ.